ಮ್ಯಾಕ್ವಾರಿ ದ್ವೀಪದಿಂದ ಹೊರಟ ‘ಎಂಡೆವರ್’ ಸುಳಿವಿಲ್ಲದೆ ಹೋದದ್ದು ಹೇಗೆ?

ತೆರೆನೊರೆ: ಆಸ್ಟ್ರೇಲಿಯಾ ಸರ್ಕಾರದ ಮೀನುಗಾರಿಕೆ ಸಮೀಕ್ಷೆಯ ಉಗಿ ಟ್ರಾಲರ್ ‘ಎಂಡೆವರ್’ ಬಗ್ಗೆ ಕೇಳಬೇಕಿದೆ. ಸಮುದ್ರದ ತಳದಲ್ಲಿ ಬಲೆ ಎಳೆಯುವ ಮೀನುಗಾರಿಕೆ ಹಡಗು, 135 ಅಡಿ ಉದ್ದ, 331 ಟನ್. 1909ರಿಂದ ಆಗ್ನೇಯ ಕರಾವಳಿಯಲ್ಲಿ ಬಲೆ ಎಳೆದು ಮೀನಿನ ತಾಣ ಗುರುತಿಸಿದ ಹಡಗು. ಟಾಸ್ಮೇನಿಯಾ ಮತ್ತು ಅಂಟಾರ್ಕ್ಟಿಕಾ ನಡುವಿನ ಮ್ಯಾಕ್ವಾರಿ ದ್ವೀಪದ ಹವಾಮಾನ ಕೇಂದ್ರಕ್ಕೆ ಸಾಮಾನು ಇಳಿಸಿ 1914ರ ಡಿಸೆಂಬರ್ 3ರಂದು ವಾಪಸು ಹೊರಟಿತು. ಮತ್ತೆ ಯಾರೂ ಕಾಣಲಿಲ್ಲ. ಮೀನುಗಾರಿಕೆ ನಿರ್ದೇಶಕ ಹರಾಲ್ಡ್ ಡ್ಯಾನೆವಿಗ್ ಅದರಲ್ಲೇ ಇದ್ದರು. ಯುದ್ಧ ಶುರುವಾಗಿತ್ತಲ್ಲ, ಜರ್ಮನ್ ಹಡಗಿನ ಕೈವಾಡ ಇರಬಹುದೇ? ಇಲ್ಲವೆಂದರೆ, ಒರಟು ಕಡಲಿಗೆಂದೇ ಕಟ್ಟುವ ಟ್ರಾಲರ್ ಹೀಗೆ ಮುಳುಗಲು ಏನು ಕಾರಣ?

ದಿಕ್ಸೂಚಿ: ಜರ್ಮನ್ ಹಡಗನ್ನು ಪಟ್ಟಿಯಿಂದ ತೆಗೆದುಹಾಕಿ. ಜರ್ಮನ್ ಯುದ್ಧನೌಕೆ ‘ಎಮ್ಡೆನ್’ ನವೆಂಬರ್ 9ರಂದೇ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪದ ಬಳಿ ಆಸ್ಟ್ರೇಲಿಯಾದ ಯುದ್ಧನೌಕೆ ‘ಸಿಡ್ನಿ’ಯ ತೋಪಿಗೆ ಸಿಕ್ಕಿ ಹಾಳಾಗಿತ್ತು. ಜರ್ಮನ್ ನೌಕಾಧಿಪತಿ ಫಾನ್ ಸ್ಪೀಯ ಹಡಗುಪಡೆ ಆ ಹೊತ್ತಿಗೆ ದಕ್ಷಿಣ ಅಮೆರಿಕದ ತುದಿಯಲ್ಲಿತ್ತು, ಡಿಸೆಂಬರ್ 8ರಂದು ಫಾಕ್‌ಲ್ಯಾಂಡ್‌ನಲ್ಲಿ ಸೋತಿತು. ಇನ್ನೊಂದು ಜರ್ಮನ್ ಹಡಗು ‘ವುಲ್ಫ್’ ಆಸ್ಟ್ರೇಲಿಯಾ ಕಡಲಿಗೆ ಮೈನ್ (ಸ್ಫೋಟಕ) ಹಾಕಿದ್ದು 1917ರಲ್ಲಿ.

ಹಳೇ_ಬಾಯ್ಲರ್: ಎರಡನೇ ಪ್ರಶ್ನೆಗೆ ಬರೋಣ. ಎಂಡೆವರ್‌ಗೆ ಹೀಗೇ ಆಯಿತು ಎನ್ನಲು ಸಾಕ್ಷಿ ಇಲ್ಲ. ಆದರೆ ಆ ಕಾಲದ ಉಗಿ ಟ್ರಾಲರ್‌ಗಳು ಸೋಲುತ್ತಿದ್ದ ದಾರಿ ಇದು.

400 ಅಶ್ವಶಕ್ತಿಯ ಟ್ರಿಪಲ್ ಎಕ್ಸ್‌ಪಾನ್ಶನ್ ಎಂಜಿನ್ (ಒಂದೇ ಉಗಿಯನ್ನು ಮೂರು ಹಂತದಲ್ಲಿ ಬಳಸುವಂಥದು) ಅಂದುಕೊಳ್ಳಿ. ಅಶ್ವಶಕ್ತಿಗೆ ಗಂಟೆಗೆ 0.8 ಕೆಜಿ ಕಲ್ಲಿದ್ದಲು ಹಿಡಿದರೆ ದಿನಕ್ಕೆ ಸುಮಾರು 7.7 ಟನ್. ಅದರಲ್ಲಿ ಹತ್ತನೇ ಒಂದು ಭಾಗ ಬೂದಿ. ನಾಲ್ಕು ಗಂಟೆಯ ಪ್ರತಿ ಪಾಳಿಗೂ 130 ಕೆಜಿ ಬೂದಿಯನ್ನು ಮೇಲೆತ್ತಿ ಕಡಲಿಗೆ ಸುರಿಯಬೇಕು. ಹಾಗೆ ಸುರಿಯಲು ಬಾಗಿಲು ತೆರೆಯಲೇಬೇಕು, ಬಿರುಗಾಳಿಯಲ್ಲೂ. ಜೊತೆಗೆ ಡೆಕ್ಕಿನ ಮೇಲೆ ಬಂಕರಿನ (ಕಲ್ಲಿದ್ದಲು ತುಂಬಿಡುವ ಕೋಣೆಯ) ದುಂಡು ಮುಚ್ಚಳಗಳು, ಗಾಳಿಕೊಳವೆಗಳು, ಎಂಜಿನ್ ಕೋಣೆಯ ಗಾಜಿನ ಮಾಡು. ಮುಚ್ಚಳದ ಅಂಚಿನ ಸೆಣಬು ಸರಿಯಾಗಿ ಕೂರದಿದ್ದರೂ ಸಾಕು, ಪ್ರತಿ ಅಲೆಗೂ ನೀರು ಒಳಗೆ.

ಒಳಗೆ ಬಂದ ನೀರಿಗಿಂತ ಕಲ್ಲಿದ್ದಲ ಪುಡಿಯೇ ಅಪಾಯ. ಬಾಯ್ಲರ್ ಕೋಣೆಯ ನೆಲದ ಹಲಗೆಗಳ ಸಂದಿಯಲ್ಲಿ ಪುಡಿಯೂ ಬೂದಿಯೂ ತಳಕ್ಕೆ ಇಳಿದು ಕೂತಿರುತ್ತವೆ. ಹಡಗು ಜೋರಾಗಿ ಹೊಯ್ದಾಡಿದಾಗ ಕದಡಿ ಕೆಸರಾಗಿ, ಪಂಪಿನ ಹೀರುಕೊಳವೆಯ ಜಾಲರಿಗೆ ಮೆತ್ತಿಕೊಳ್ಳುತ್ತವೆ. ಆ ಜಾಲರಿಯನ್ನು ಕೈ ಹಾಕಿಯೇ ತೆಗೆದು ತೊಳೆಯಬೇಕು. ಸೊಂಟದ ಮಟ್ಟ ನೀರು ಅಲ್ಲಾಡುತ್ತಿರುವಾಗ ಅದು ಆಗುವ ಕೆಲಸವಲ್ಲ. ನೀರು ಕುಲುಮೆಯ ಬೂದಿಗುಂಡಿ ಮುಟ್ಟಿತೆಂದರೆ ಬೆಂಕಿಗೆ ಗಾಳಿ ಇಲ್ಲ. ಬೆಂಕಿ ಹೋದರೆ ಉಗಿ ಇಲ್ಲ, ಪಂಪೂ ಇಲ್ಲ, ಪ್ರೊಪೆಲ್ಲರೂ ಇಲ್ಲ. ಹಡಗು ಅಲೆಗೆ ಅಡ್ಡ ತಿರುಗುತ್ತದೆ.

ತೆರೆನೊರೆ: ಸಾಮಾನು ಇಳಿಸಿ ಹಗುರಾಗಿತ್ತಲ್ಲ ಸರ್, ಅದರಿಂದ ಹೆಚ್ಚು ಎತ್ತರಕ್ಕೆ ತೇಲಿ ಒಳ್ಳೆಯದೇ ಆಗಬೇಕಿತ್ತಲ್ಲವೇ?

ಲಂಗರುಹಗ್ಗ: ಡೆಕ್ ನೀರಿನಿಂದ ಮೇಲೇಳುವುದು ನಿಜ. ಆದರೆ ತಳದ ಭಾರ ಹೋಯಿತು, ದಿನದಿನಕ್ಕೆ ಕಲ್ಲಿದ್ದಲೂ ಕರಗುತ್ತದೆ. ಉಳಿದ ಕಲ್ಲಿದ್ದಲು ಅರ್ಧ ಖಾಲಿ ಬಂಕರಿನಲ್ಲಿ ಒಂದೇ ಬದಿಗೆ ಜರುಗಿದರೆ ಹಡಗು ವಾಲಿದಂತೆಯೇ ನಿಲ್ಲುತ್ತದೆ. ಪ್ರೊಪೆಲ್ಲರ್ ನೀರಿನಿಂದ ಹೊರಬಂದು ಎಂಜಿನ್ ಹಿಡಿತ ತಪ್ಪಿ ಜೋರಾಗಿ ತಿರುಗಿಬಿಡುವುದು ಬೇರೆ.

ಇನ್ನು ಅಗಲವಾದ ಕೋಣೆಯಲ್ಲಿ ನೀರು ನಿಂತರೆ ಅದು ವಾಲಿದ ಬದಿಗೇ ಹರಿಯುತ್ತದೆ. ಅದರಿಂದ ಏನಾಗುತ್ತದೆಂದು ಉದಾಹರಣೆಯ ಲೆಕ್ಕ ನೋಡಿ. ಕೋಣೆ 8 ಮೀಟರ್ ಉದ್ದ, 6 ಮೀಟರ್ ಅಗಲ. ಹಡಗಿನ ಒಟ್ಟು ತೂಕ 500 ಟನ್. ಉದ್ದಕ್ಕೆ ಅಗಲದ ಘನ ಗುಣಿಸಿ 12ರಿಂದ ಭಾಗಿಸಿದರೆ 144. ಅದನ್ನು ಹಡಗು ತಳ್ಳುವ ನೀರಿನ ಗಾತ್ರ, ಅಂದರೆ 488 ಘನ ಮೀಟರಿನಿಂದ ಭಾಗಿಸಿದರೆ 0.295. ಸ್ಥಿರತೆಯ ಎತ್ತರದಲ್ಲಿ (ವಾಲಿದ ಹಡಗು ಮತ್ತೆ ನೆಟ್ಟಗಾಗುವ ಶಕ್ತಿಯ ಅಳತೆ, ಮೆಟಾಸೆಂಟ್ರಿಕ್ ಎತ್ತರ) 30 ಸೆಂಟಿಮೀಟರ್ ಹೋಯಿತು. ಇಂಥ ಹಡಗಿಗೆ ಇರುವುದೇ 60–70 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ, ಹೆಚ್ಚುಕಮ್ಮಿ ಅರ್ಧ. ಎಷ್ಟು ಆಳ ನೀರು ಎಂಬುದಲ್ಲ ಮುಖ್ಯ, ಎಷ್ಟು ಅಗಲಕ್ಕೆ ಹರಡಿದೆ ಎಂಬುದು. ನಡುವೆ ಒಂದು ಉದ್ದಗೋಡೆ ಹಾಕಿದರೆ ನಷ್ಟ ಏಳೂವರೆ ಸೆಂಟಿಮೀಟರಿಗೆ ಇಳಿಯುತ್ತದೆ!

ಡೆಕ್ಕಿನ ಮೇಲೂ ಇದೇ. 15 ಮೀಟರ್ ಉದ್ದ, 6 ಮೀಟರ್ ಅಗಲದಲ್ಲಿ ಅರ್ಧ ಮೀಟರ್ ನೀರು ನಿಂತರೆ 46 ಟನ್. ಅಂಚುಗೋಡೆಯ ನೀರುಗಂಡಿಗಳು ಮುಂದಿನ ಅಲೆ ಬರುವ ಮೊದಲು ಅದನ್ನು ಖಾಲಿ ಮಾಡಬೇಕು. ಅಡ್ಡ ತಿರುಗಿ ನಿಂತ ಹಡಗಿಗೆ ಆ ಬಿಡುವು ಸಿಗದು. ಆಮೇಲೆ ಮಗುಚಲು ನಿಮಿಷಗಳು ಸಾಕು. ಜೀವರಕ್ಷಕ ದೋಣಿ ಇಳಿಸುವ ಮಾತೇ ಇಲ್ಲ.

ದಿಕ್ಸೂಚಿ: ಅವಶೇಷ ಸಿಗದಿರುವುದು ನನಗೆ ವಿಚಿತ್ರವಾಗಿ ಕಾಣುವುದಿಲ್ಲ. ಮ್ಯಾಕ್ವಾರಿಯಿಂದ ಟಾಸ್ಮೇನಿಯಾಕ್ಕೆ ಸುಮಾರು 1,500 ಕಿಮೀ, 9 ನಾಟ್ (ಗಂಟೆಗೆ 9 ನಾಟಿಕಲ್ ಮೈಲಿ) ವೇಗಕ್ಕೆ ನಾಲ್ಕು ದಿನ. ಬಿರುಗಾಳಿಗೆ ತಡವಾಗಿರಬಹುದೆಂದು ಇನ್ನಷ್ಟು ದಿನ ಕಾಯುವುದು ಸಹಜ. ತೇಲುವ ವಸ್ತು ಗಂಟೆಗೆ ಒಂದು ನಾಟಿಕಲ್ ಮೈಲಿ ಸರಿದರೂ ಹತ್ತು ದಿನಕ್ಕೆ 240 ಮೈಲಿ. ಅಲ್ಲಿನ ಗಾಳಿ ಬಹುಪಾಲು ಪಡುವಣದಿಂದ ಬೀಸುತ್ತದೆ, ಹಾಗಾಗಿ ಎಲ್ಲವೂ ಮೂಡಣಕ್ಕೇ. ಆಕ್ಲೆಂಡ್, ಕ್ಯಾಂಪ್‌ಬೆಲ್ ಎಂಬ ಪುಟ್ಟ ದ್ವೀಪಗಳನ್ನು ದಾಟಿದರೆ ಆ ಅಕ್ಷಾಂಶದಲ್ಲಿ ಚಿಲಿಯವರೆಗೂ ಬರೀ ನೀರು.