ಪದ ಬೇಕು: ಭಾಷಣದಾಗ ಬಾಯಿ ತಪ್ಪಿ ಬರೋ ಮಾತಿಗೆ

ಕೊಪ್ಪಳದಿಂದ:
ಗ್ರಾಮ ಪಂಚಾಯಿತಿ ಸದಸ್ಯರ ಭಾಷಣ ತರಬೇತಿಗೆ ಫ್ಲೆಕ್ಸ್ ಐತಿ, ಸಂಜಿ ಐದಕ್ಕ ಅಚ್ಚಿಗೆ ಹೋಗಬೇಕು. ಉದ್ಘಾಟನೆ ಅನ್ನಾಕ ಹೋಗಿ ಉಚ್ಚಾಟನೆ, ಸಂತಾಪದ ಬದಲಿ ಸಂತೋಷ ಬರ್ತೈತಲ್ಲ, ಅದಕ್ಕ ಪದ ಬೇಕು. ಎಂಟಕ್ಷರ ದಾಟಬಾರದು. ಕರಡಿನಾಗ ‘ವಾಕ್‌ಸ್ಖಲನ’ ಅಂತ ಐತಿ.

ಬಳ್ಳಾರಿಯಿಂದ:
ಬೇಡವೇ ಬೇಡ. ಸಂಸ್ಕೃತದಲ್ಲಿ ಸ್ಖಲನ ಅಂದರೆ ಎಡವುವುದು, ಸರಿ. ಆದರೆ ಗೋಡೆ ಜಾಹೀರಾತುಗಳಲ್ಲಿ ಆ ಪದ ಯಾವ ಔಷಧಿಗೆ ಅಂಟಿದೆ ಅಂತ ಊರಿಗೆಲ್ಲ ಗೊತ್ತು. ‘ಬಾಯ್ದಪ್ಪು’ ಅನ್ನಿ. ಬಾಯ್ದೆರೆ, ಕಣ್ದೆರೆ, ಮೈದೊಳೆ ಆದ ಹಾಗೆ ತಕಾರಕ್ಕೆ ದಕಾರ ಬರಲೇಬೇಕು. ‘ಬಾಯ್ತಪ್ಪು’ ಅಶುದ್ಧ.

ರಾಯಚೂರಿನಿಂದ:
ಫ್ಲೆಕ್ಸ್ ಓದೋರು ಸಂಧಿಸೂತ್ರ ಬಾಯಿಪಾಠ ಮಾಡ್ಕೊಂಡು ಬರಂಗಿಲ್ಲರಿ. ಮೊದಲು ಯಾವ ತಪ್ಪು ಅನ್ನೋದು ಬ್ಯಾರೆ ಮಾಡ್ರಿ. 2018ರ ಮಾರ್ಚಿನಾಗ ದಾವಣಗೆರೆ ಪತ್ರಿಕಾಗೋಷ್ಠಿಯೊಳಗ ಅಮಿತ್ ಶಾ ಭ್ರಷ್ಟಾಚಾರದ ಮಾತಿಗೆ ಸಿದ್ದರಾಮಯ್ಯ ಸರ್ಕಾರ ಅನ್ನೋದು ಬಿಟ್ಟು ಯಡಿಯೂರಪ್ಪ ಸರ್ಕಾರ ಅಂದ್ರು. ಇದು ಖರೇ ಬಾಯಿತಪ್ಪು: ಎರಡೂ ಗೊತ್ತಿದ್ದ ಹೆಸರು, ಅದಲು ಬದಲಾತು. ಅದೇ ವರ್ಷ ರಾಹುಲ್ ಗಾಂಧಿ ವಿಶ್ವೇಶ್ವರಯ್ಯ ಅನ್ನಾಕ ತಡವರಿಸಿದ್ದು ಬಾಯಿತಪ್ಪಲ್ಲ, ರೂಢಿ ಇಲ್ಲದ ಒತ್ತಕ್ಷರಕ್ಕ ನಾಲಿಗಿ ತೊಡರಿದ್ದು. ಇಂಗ್ಲಿಷ್ ಲಿಪಿಯೊಳಗ ಬರಕೊಟ್ಟ ಕನ್ನಡ ಓದಿದಾಗ ಲ-ಳ, ತ-ಟ ಕೆಡೋದು ಮೂರನೇದು. ಅದು ಚೀಟಿ ಬರದವರ ತಪ್ಪು. ಬೈದು ಆಮ್ಯಾಲೆ ‘ನಾಲಿಗಿ ಜಾರಿತು’ ಅಂತಾರಲ್ಲ, ಅದು ಜಾರಿದ್ದಲ್ಲ, ಹರಿಬಿಟ್ಟದ್ದು. ಟಿವಿಯೋರು ನಾಕಕ್ಕೂ ಎಡವಟ್ಟು ಅಂತಾರ.

ಬಳ್ಳಾರಿಯಿಂದ:
ಎಡವಟ್ಟು ಮಾಡುವುದು, ಬಾಯ್ದಪ್ಪು ಆಗುವುದು.

ಸಿಂಧನೂರಿನಿಂದ:
ಮೂಲ ರೋಗ ಬಿಟ್ಟು ಹೆಸರಿಗೆ ಜಗಳ. ಉದ್ಘಾಟನೆ, ಉಚ್ಚಾಟನೆ ಎರಡಕ್ಕೂ ಒಂದೇ ತಲೆ, ಒಂದೇ ಬಾಲ. ನಾಲಿಗೆ ಗೊಂದಲ ಆಗದೆ ಏನು? ಅಚ್ಚಗನ್ನಡ ಬಳಸಿದರೆ ತಪ್ಪುವ ಮಾತೇ ಇಲ್ಲ. ನಿಮ್ಮ ‘ತರಬೇತಿ’ಯೂ ಎರವಲೇ.

ರಾಯಚೂರಿನಿಂದ:
ಹೌದಾ? ‘ಕೆರೆ ಹೂಳು ತೆಗೆಸ್ತೀವಿ’ ಅಂತ ಬಿರುಸಿಲೆ ಹೇಳಿ ನೋಡ್ರಿ, ‘ಹೆರೆ ಕೂಳು’ ಬರ್ತೈತಿ. ಮುಂದಿನ ಪದದ ಮೊದಲಕ್ಷರ ಮುಂಚೇನ ನುಗ್ಗಿದ್ರ ಹಿಂಗ. ಆಕ್ಸ್‌ಫರ್ಡಿನಾಗ ಕಲಿಸ್ತಿದ್ದ ಸ್ಪೂನರ್ ಅನ್ನೋರ ಹೆಸರು ಇಂಗ್ಲಿಷಿನಾಗ ‘ಸ್ಪೂನರಿಸಂ’ ಅಂತ ಇದಕ್ಕ ನಿಂತೈತಿ, ಅವರಿಗೂ ಸಂಸ್ಕೃತ ಕಾಡಿತ್ತೇನು? ಇನ್ನ ಎರವಲು. 1948ರ ತನಕ ನಿಜಾಮರ ಆಡಳಿತ ಇದ್ದ ಸೀಮೆ ಇದು. ತರಬೇತಿ, ಜಾಹೀರಾತು, ಹಾಜರಿ ಎಲ್ಲಾ ತಗದ್ರ ಫ್ಲೆಕ್ಸಿನಾಗ ಉಳಿಯೋದು ಊಟದ ವೇಳೆ ಅಷ್ಟ.

ಸಿಂಧನೂರಿನಿಂದ:
‘ವೇಳೆ’ಯೂ ಸಂಸ್ಕೃತದ್ದೇ.

ಕೊಪ್ಪಳದಿಂದ:
‘ಬಾಯಿ ತಪ್ಪಿದಾಗ’ ಅಂತ ಕಳಿಸೀನಿ. ಆರಕ್ಷರ. ಬಿಡಿಸಿ ಬರದ್ರ ಸಂಧಿ ತಂಟೆ ಇಲ್ಲ.

ಬಳ್ಳಾರಿಯಿಂದ:
ಬಿಡಿಸಿ ಬರೆಯುವುದು ನುಣುಚಿಕೊಳ್ಳುವುದು. ಬಾಯ್ದಪ್ಪು.