ಚಳಿಗಾಲದಲ್ಲಿ ತಾರಸಿ ಮೇಲೆ ಏನು ಬಿತ್ತಬಹುದು? ಬೆಳೆದವರು ಹೇಳಿ

ಕೇಳಿದವರು: ವಿಜಯನಗರ, ಬೆಂಗಳೂರು

ದೀಪಾವಳಿ ಮುಗೀತು, ತಾರಸಿ ಮೇಲೆ ಗ್ರೋ ಬ್ಯಾಗ್‌ಗಳು ಖಾಲಿ ಕೂತಿವೆ. ಹೋದ ವರ್ಷ ನರ್ಸರಿಯಿಂದ ಹೂಕೋಸಿನ ಸಸಿ ತಂದು ನೆಟ್ಟಿದ್ದೆ. ಹೂವು ನಿಂಬೆಹಣ್ಣಿನ ಗಾತ್ರಕ್ಕೆ ನಿಂತುಹೋಯ್ತು. ಬಟಾಣಿಗೆ ಬೂದಿ ರೋಗ ಬಂತು. ನಮ್ಮ ಅತ್ತೆಯವರಿಗೆ ಮನೆಯ ಅವರೆಕಾಯಿ ಬೇಕೇ ಬೇಕಂತೆ. ಫೆಬ್ರವರಿವರೆಗೆ ಏನೇನು ಬೆಳೆಯಬಹುದು, ನೀರು ಎಷ್ಟು, ಹುಳಕ್ಕೆ ಏನು ಮಾಡ್ತೀರಿ? ಅನುಭವ ಇರೋರು ಹೇಳಿ.

ಜೆ.ಪಿ. ನಗರ, ಬೆಂಗಳೂರು

ಏನು ಬಿತ್ತೋದು ಅನ್ನೋದು ಆಮೇಲೆ ಮೇಡಂ, ಮೊದಲು ತಾರಸಿಯಲ್ಲಿ ಬಿಸಿಲು ಎಲ್ಲಿ ಬೀಳ್ತಿದೆ ನೋಡಿ. ಬೇಸಿಗೆಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ಮೇಲೇ ಇರ್ತಾನೆ. ಡಿಸೆಂಬರಲ್ಲಿ ಬೆಂಗಳೂರಿನಲ್ಲಿ 53–54 ಡಿಗ್ರಿ ಎತ್ತರಕ್ಕಷ್ಟೇ ಏರಿ, ದಕ್ಷಿಣಕ್ಕೆ ವಾಲಿಕೊಂಡೇ ಹೋಗ್ತಾನೆ. ಮೂರು ಅಡಿ ಪ್ಯಾರಪೆಟ್ ಗೋಡೆಯ ನೆರಳು ನಡುಮಧ್ಯಾಹ್ನದಲ್ಲೂ ಎರಡು ಅಡಿಗಿಂತ ಹೆಚ್ಚು ಒಳಗೆ ಬಂದಿರುತ್ತೆ. ದಕ್ಷಿಣಕ್ಕೆ ನಿಮಗಿಂತ ಒಂದು ಮಹಡಿ ಎತ್ತರದ ಮನೆ ಇದ್ದರಂತೂ ಏಳು ಅಡಿ ಹೋಯ್ತು ಅಂತಲೇ ಇಟ್ಕೊಳ್ಳಿ. ಬೇಸಿಗೆಯಲ್ಲಿ ಟೊಮೇಟೊ ಚೆನ್ನಾಗಿ ಬಂದ ಜಾಗದಲ್ಲೇ ಚಳಿಗಾಲದಲ್ಲಿ ಗಿಡ ಸೊರಗಿದರೆ ಗೊಬ್ಬರ ಸುರೀತಾ ಕೂರಬೇಡಿ, ಬ್ಯಾಗನ್ನ ಉತ್ತರದ ಅಂಚಿಗೆ ಎಳೀರಿ. ಆ ನೆರಳಿನ ಜಾಗಕ್ಕೆ ಪುದೀನ, ಒಂದೆಲಗ, ಪಾಲಕ್ ಸಾಕು.

ಹೂಕೋಸಿನ ವಿಷಯ. ಅದು ನಿಂಬೆಹಣ್ಣಿನಷ್ಟಕ್ಕೆ ನಿಲ್ಲೋದಕ್ಕೆ ಹೆಚ್ಚಿನ ಸಲ ಕಾರಣ ಸಸಿ ಮುದುಕಾಗಿರೋದು. ಟ್ರೇಯಲ್ಲೇ ಬಹಳ ದಿನ ಇದ್ದು, ಬೇರು ಸುತ್ತಿಕೊಂಡ ಸಸಿ ನೆಟ್ಟರೆ ಎಲೆ ಬೆಳೆಸೋ ಮೊದಲೇ ಹೂವು ಕಟ್ಟಿಬಿಡುತ್ತೆ. 25–30 ದಿನದ ಸಸಿ ಕೇಳಿ ತನ್ನಿ, ನಾಲ್ಕೈದು ಎಲೆ ಇದ್ದರೆ ಸರಿ. ಇನ್ನೊಂದು, ಹೂಕೋಸಿನಲ್ಲಿ ಬೇಗದ ತಳಿ, ತಡದ ತಳಿ ಅಂತ ಇವೆ. ತಡದ್ದಕ್ಕೆ ಉತ್ತರ ಭಾರತದಂಥ ಚಳಿ ಬೇಕು, ನಮ್ಮ 15–16 ಡಿಗ್ರಿ ರಾತ್ರಿ ಅದಕ್ಕೆ ಸಾಲದು. ನನ್ನನ್ನ ಕೇಳಿದರೆ ಗ್ರೋ ಬ್ಯಾಗಲ್ಲಿ ಹೂಕೋಸು ಬೇಡವೇ ಬೇಡ. ಎರಡೂವರೆ ತಿಂಗಳು ಕಾದು ಒಂದು ಬ್ಯಾಗಿಗೆ ಒಂದೇ ಹೂವು. ಅದೇ ಜಾಗದಲ್ಲಿ ಮೂರು ನವಿಲುಕೋಸು ಎರಡು ತಿಂಗಳೊಳಗೆ ಬರುತ್ತೆ, ಸೊಪ್ಪನ್ನೂ ಹುಳಿಗೆ ಹಾಕಬಹುದು.

ಅವರೆಗೆ ಸ್ವಲ್ಪ ಲೆಕ್ಕ ಇದೆ. ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ (ರಾಗಿ ನಡುನಡುವೆ ಬೇರೆ ಬೆಳೆ ಹಾಕೋ ಸಾಲು) ಹಾಕೋ ನಾಟಿ ಅವರೆಯನ್ನ ಮಳೆಗಾಲದಲ್ಲೇ ಬಿತ್ತಿರ್ತಾರೆ. ಹಗಲು ಚಿಕ್ಕದಾದಾಗಲೇ ಅದು ಹೂ ಬಿಡೋದು. ಅದನ್ನ ಈಗ ಬಿತ್ತಿದರೆ ಗಿಡ ಬೆಳೆಯೋಕೆ ಮುಂಚೆ ಹೂ ಬಂದು, ಕಾಯಿ ಲೆಕ್ಕಕ್ಕೆ ಸಿಗಲ್ಲ. ಕುಳ್ಳ ತಳಿ ತಗೊಳ್ಳಿ: ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್, ಇಲ್ಲವೇ ಕೃಷಿ ವಿಶ್ವವಿದ್ಯಾಲಯದ ಎಚ್‌ಎ-4. ಇವಕ್ಕೆ ಹಗಲಿನ ಉದ್ದದ ಹಂಗಿಲ್ಲ. ಹೊಲದ ಅವರೆಯ ಸೊಗಡು ಇದರಲ್ಲಿ ಬರುತ್ತಾ ಅಂತ ಅತ್ತೆಯವರು ಕೇಳಿದರೆ ಮಾತ್ರ ನಾನು ಜವಾಬ್ದಾರನಲ್ಲ.

ಧಾರವಾಡ

ಅಕ್ಕಾರ, ನಮ್ಮ ಕಡೆ ಥಂಡಿ ದಿನಾ ಅಂದ್ರ ತಪ್ಪಲ ಪಲ್ಯೆದ ಸುಗ್ಗಿ. ಹಿತ್ತಲದಾಗ ಯರಿ ಮಣ್ಣು ಇರೂದರಿಂದ ಹಿಂಗಾರಿ ಮಳಿ ಹಸಿ ಭಾಳ ದಿನ ಹಿಡೀತದ, ನಾವು ದಿನಾ ನೀರು ಹಾಕೂದಿಲ್ಲ. ನಿಮ್ಮ ಚೀಲದಾಗ ಹಂಗ ನಡ್ಯಾಂಗಿಲ್ಲ, ಆದ್ರ ಬ್ಯಾಸಗಿ ಲೆಕ್ಕದಾಗ ಎರಡೂ ಹೊತ್ತು ಹಾಕಬ್ಯಾಡ್ರಿ. ಬಟ್ಟು ಒತ್ತಿ ನೋಡ್ರಿ, ಒಂದು ಇಂಚು ಕೆಳಗ ಒಣಗಿದ್ರ ಮುಂಜಾನೆ ಹಾಕ್ರಿ. ಸಂಜಿ ಮುಂದ ಹಾಕಿದ್ರ ರಾತ್ರಿ ಪೂರಾ ಥಂಡಿಯೊಳಗ ಬೇರು ನೆನೀತಾವ.

ಒಂದು ಅಗಲನ್ನ ಡಬ್ಬಿಯೊಳಗ ಕಡ್ಲಿ ಹಾಕ್ರಿ. ಬೆಂಗಳೂರಾಗ ಯಾರೂ ಹಾಕಾಂಗಿಲ್ಲ, ಯಾಕೋ ಗೊತ್ತಿಲ್ಲ. ಗಿಡ ಗೇಣುದ್ದ ಆದ ಮ್ಯಾಲೆ ಕುಡಿ ಚಿವುಟಿ ಪಲ್ಯೆ ಮಾಡ್ರಿ, ಚಿವುಟಿದಷ್ಟೂ ಕವಲು ಒಡೀತದ, ಕಾಯಿನೂ ಜಾಸ್ತಿ. ಕಡ್ಲಿ ಎಲಿ ಮ್ಯಾಲೆ ಹುಳಿ ಇರ್ತದ. ಹಿಂದಕ ಮಂದಿ ಇಬ್ಬನಿ ಬೀಳೂ ರಾತ್ರಿ ಹೊಲದಾಗ ಅರಿವಿ ಹಾಸಿ, ಮುಂಜಾನೆ ಹಿಂಡಿ ಆ ಹುಳಿ ಹೊಟ್ಟಿ ಬ್ಯಾನಿಗೆ ಇಟ್ಕೋತಿದ್ರು. ಅದರ ಸಂಗಾಟ ಮೆಂತೆ, ಮೂಲಂಗಿ, ಉಳ್ಳಾಗಡ್ಡಿ ಹಾಕಿದ್ರ ರೊಟ್ಟಿಗೆ ಚಿಂತಿಲ್ಲ. ಕೊತ್ತಂಬರಿ ಬೀಜ ಇಡಿಯಾಗಿ ಹಾಕಬ್ಯಾಡ್ರಿ, ಚಪ್ಪಲಿಲೆ ಮೆಲ್ಲಕ ತಿಕ್ಕಿ ಎರಡು ಹೋಳು ಮಾಡಿ ಹಾಕ್ರಿ.

ಉಡುಪಿ ಕಡೆಯವರು

ನಮ್ಮಲ್ಲಿ ಚಳಿ ಅಂದ್ರೆ ಹೆಸರಿಗೆ ಮಾರಾಯ್ರೇ, ಕೋಸು, ಕ್ಯಾರೆಟ್ ಇಲ್ಲಿ ಸುಖ ಇಲ್ಲ. ಆದ್ರೆ ಭತ್ತ ಕೊಯ್ದ ಮೇಲೆ ಗದ್ದೆಗೆ ಸೌತೆ, ಅಲಸಂಡೆ, ಹರಿವೆ ಹಾಕುವ ಕಾಲ ಇದೇ. ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವುದೂ ಹೀಗೆಯೇ, ಭತ್ತ ಆದ ಮೇಲೆ. ಹರಿವೆಗೆ ನಾವು ಸುಡುಮಣ್ಣು ಹಾಕುವುದು ಉಂಟು: ತರಗೆಲೆ, ಕಡ್ಡಿಯ ಮೇಲೆ ಮಣ್ಣು ಮುಚ್ಚಿ ಹೊಗೆಯಾಡಿಸಿ ಸುಟ್ಟದ್ದು. ಕಳೆಯ ಬೀಜ ಸಾಯ್ತದೆ, ಬೂದಿಯ ಸಾರವೂ ಸಿಗ್ತದೆ. ತಾರಸಿಯಲ್ಲಿ ಬೆಂಕಿ ಹಾಕ್ಲಿಕ್ಕೆ ಹೋಗ್ಬೇಡಿ ಮತ್ತೆ! ಸೌತೆ, ಹೀರೆ ಎಳೆ ಕಾಯಿ ಇರುವಾಗಲೇ ಕಾಗದ ಸುತ್ತಿದರೆ ನೊಣ ಮೊಟ್ಟೆ ಇಡುವುದಿಲ್ಲ. ಅದಕ್ಕೆ ಮದ್ದು ಹೊಡೆದು ಪ್ರಯೋಜನ ಇಲ್ಲ, ಹುಳ ಒಳಗೆ ಸೇರಿದ ಮೇಲೆ ಯಾವುದೂ ತಾಗುವುದಿಲ್ಲ.

ಮೈಸೂರು

ಬೂದಿ ರೋಗಕ್ಕೆ: ಹುಳಿ ಮಜ್ಜಿಗೆ ಒಂದು ಪಾಲು, ನೀರು ಒಂಬತ್ತು ಪಾಲು, ವಾರಕ್ಕೊಮ್ಮೆ ಸಿಂಪಡಿಸಿ.

ಜೆ.ಪಿ. ನಗರ

ಮಜ್ಜಿಗೆ ಶುರುವಿನಲ್ಲಿ ಒಂದೆರಡು ಎಲೆಗೆ ಚುಕ್ಕೆ ಬಂದಾಗ ಸರಿ ಸರ್. ಬಳ್ಳಿ ಪೂರ್ತಿ ಬೆಳ್ಳಗಾದ ಮೇಲೆ ಕೆಲಸ ಮಾಡಲ್ಲ. ಬೇರೆ ಶಿಲೀಂಧ್ರಗಳ ಹಾಗೆ ಬೂದಿ ರೋಗಕ್ಕೆ ಎಲೆ ಒದ್ದೆ ಇರಬೇಕು ಅಂತಿಲ್ಲ, ಒಣ ಹಗಲು ತಣ್ಣನೆ ರಾತ್ರಿ ಇದ್ದರೆ ಸಾಕು, ಹಾಗಾಗಿ ಜನವರಿಯಲ್ಲಿ ಬರೋದು ಖಚಿತ. ಬಟಾಣಿಗೆ ಅರ್ಕಾ ಅಜಿತ್ ತಳಿ ಹಾಕಿದರೆ ಈ ತಲೆನೋವೇ ಕಮ್ಮಿ. ಅವರೆ ಕುಡಿಗೆ ಹೇನು ಹತ್ತಿದರೆ ಮೊದಲು ಪೈಪಿನ ನೀರು ರಭಸವಾಗಿ ಬಿಡಿ. ಬಗ್ಗದಿದ್ದರೆ ಲೀಟರಿಗೆ 5 ಎಂ.ಎಲ್. ಬೇವಿನ ಎಣ್ಣೆ, ಒಂದೆರಡು ಹನಿ ಸೋಪಿನ ನೀರು, ಸಂಜೆ ಹೊತ್ತು.

ನ್ಯೂಜೆರ್ಸಿ, ಅಮೆರಿಕ

ನಿಮ್ಮ ಚಳಿಯ ಮಾತು ಕೇಳಿ ನಗು ಬಂತು, ಬೇಜಾರಾಗಬೇಡಿ. ಇಲ್ಲಿ ಈಗ ಹೊರಗೆ ಉಳಿದಿರೋದು ಬೆಳ್ಳುಳ್ಳಿ ಮಾತ್ರ. ಅಕ್ಟೋಬರಿನಲ್ಲಿ ಎಸಳು ಊರಿ ಮೇಲೆ ತರಗೆಲೆ ಹೊದಿಸಿದರೆ ಹಿಮದಡಿ ಮಲಗಿದ್ದು ಜುಲೈಗೆ ಗಡ್ಡೆಯಾಗುತ್ತೆ. ಕರಿಬೇವಿನ ಕುಂಡ ರಾತ್ರಿ 10 ಡಿಗ್ರಿಗೆ ಇಳಿಯೋ ಮೊದಲೇ ಒಳಗೆ ಬರಬೇಕು. ಒಳಗೆ ಬಂದ ಮೇಲೆ ಎಲೆ ಉದುರಿಸುತ್ತೆ. ಸತ್ತೇ ಹೋಯ್ತು ಅಂತ ಇಲ್ಲಿಯ ನಮ್ಮವರು ನೀರು ಸುರಿದು ನಿಜವಾಗಿಯೂ ಕೊಲ್ಲೋದು ಆಗಲೇ. ನೀರು ಕಮ್ಮಿ ಮಾಡಿ ಬಿಟ್ಟುಬಿಟ್ಟರೆ ವಸಂತದಲ್ಲಿ ಚಿಗುರುತ್ತೆ. ಊಟಕ್ಕೆ ದಕ್ಷಿಣದ ಕಿಟಕಿಯಲ್ಲಿ ಟ್ರೇ ತುಂಬ ಮೆಂತ್ಯ ಬೆಳೆಯುತ್ತೇವೆ.

ವಿಜಯನಗರ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ನೋಡಿದೆ, ನನ್ನ ಅರ್ಧ ಬ್ಯಾಗ್ ದಕ್ಷಿಣದ ಗೋಡೆ ಪಕ್ಕದಲ್ಲೇ ಇವೆ! ನವಿಲುಕೋಸು, ಕ್ಯಾರೆಟ್‌ಗೆ ಬೀಜ ಹಾಕಲಾ, ಸಸಿ ತರಲಾ?

ಜೆ.ಪಿ. ನಗರ

ನವಿಲುಕೋಸು ಎರಡರಲ್ಲೂ ಬರುತ್ತೆ, ತಡ ಆಗಿರೋದರಿಂದ ಸಸಿಯೇ ತನ್ನಿ. ಕ್ಯಾರೆಟ್ ಮಾತ್ರ ನೇರ ಬೀಜವೇ. ಕಿತ್ತು ನೆಟ್ಟರೆ ಗಡ್ಡೆ ಕವಲೊಡೆಯುತ್ತೆ. ಬೀಜ ಹೊಸದಿರಲಿ, ಮೊಳಕೆ ಬರೋವರೆಗೆ ಒದ್ದೆ ಗೋಣಿಚೀಲ ಮುಚ್ಚಿ. ಮೊಳಕೆ ಕಂಡ ದಿನವೇ ತೆಗೀರಿ. ಕಲ್ಲು, ಹಸಿ ಗೊಬ್ಬರ ಎರಡೂ ಆ ಬ್ಯಾಗಿನಲ್ಲಿ ಇರಬಾರದು. ಈ ತಿಂಗಳು ಇನ್ನೂ ಸೈಕ್ಲೋನ್ ಮಳೆ ಬರಬಹುದು, ಬಿತ್ತಿದ ಬ್ಯಾಗನ್ನ ಮಳೆ ಹೊತ್ತಲ್ಲಿ ಶೀಟಿನ ಕೆಳಗೆ ಸರಿಸಿ, ಇಲ್ಲದಿದ್ದರೆ ಬೀಜವೆಲ್ಲ ಒಂದು ಮೂಲೆಗೆ ಕೊಚ್ಚಿಕೊಂಡು ಹೋಗಿ ಅಲ್ಲೇ ಮೊಳೆಯುತ್ತೆ.