ಕ್ಯಾಸೆಟ್ ಸದ್ದು ತೆಗೆದರೆ ತಂಬೂರಿಯೂ ಹೋಗುತ್ತದೆ, ಯಾಕೆ?

ಪ್ರಶ್ನೆ (ಗದಗ): ನಮಸ್ಕಾರ್ರಿ ಸರ್. ನಮ್ಮಪ್ಪ ಗುಡಿಯಲ್ಲಿ ಹಾಡಿದ ವಚನಗಳ ಹಳೇ ಕ್ಯಾಸೆಟ್ ಇವೆ. ಕಂಪ್ಯೂಟರಿಗೆ ಹಾಕಿಕೊಂಡೆ. ಹಿಂದೆ ‘ಸ್ಸ್’ ಅನ್ನೋ ಸದ್ದು ಜಾಸ್ತಿ. ಆಡಾಸಿಟಿ ಅನ್ನೋ ಆಡಿಯೋ ಸಾಫ್ಟ್‌ವೇರಿನಲ್ಲಿ ನಾಯ್ಸ್ ರಿಡಕ್ಷನ್ (ಗದ್ದಲ ತಗ್ಗಿಸೋದು) ಕೊಟ್ಟೆ. ಸದ್ದೇನೋ ಹೋಯಿತು, ಆದರೆ ತಂಬೂರಿಯೂ ಮಾಯ. ಅಪ್ಪನ ದನಿ ನೀರೊಳಗಿಂದ ಬಂದಂತೆ ಕೇಳುತ್ತದೆ.

ಉತ್ತರ (ಸೌಂಡ್ ಎಂಜಿನಿಯರ್, ಹುಬ್ಬಳ್ಳಿ): ನಾಯ್ಸ್ ಪ್ರೊಫೈಲ್‌ಗೆ, ಅಂದರೆ ಗದ್ದಲದ ಮಾದರಿಗೆ, ಯಾವ ಜಾಗ ಆರಿಸಿದಿರಿ ಅಕ್ಕಾ?

ಪ್ರಶ್ನೆ: ಹಾಡು ಶುರುವಾಗೋ ಮೊದಲಿನದು. ಅಲ್ಲಿ ಬರೀ ತಂಬೂರಿ ಇದೆ.

ಉತ್ತರ: ತೊಂದರೆ ಅಲ್ಲೇ ಇದೆ ನೋಡ್ರಿ. ಈ ಸಾಫ್ಟ್‌ವೇರಿಗೆ ಸಂಗೀತ ಯಾವುದು, ಗದ್ದಲ ಯಾವುದು ಗೊತ್ತಿಲ್ಲ. ಅದು ಸದ್ದನ್ನು ಫ್ರೀಕ್ವೆನ್ಸಿ ಪ್ರಕಾರ ಸಣ್ಣ ಸಣ್ಣ ಪಟ್ಟಿಗಳಾಗಿ ಬಿಡಿಸುತ್ತದೆ. ನೀವು ತೋರಿಸಿದ ಜಾಗದಲ್ಲಿ ಒಂದೊಂದು ಪಟ್ಟಿಯಲ್ಲಿ ಎಷ್ಟು ಸದ್ದಿದೆ ಅಂತ ಅಳೆದಿಟ್ಟುಕೊಳ್ಳುತ್ತದೆ. ಆಮೇಲೆ ಇಡೀ ಹಾಡಿನಲ್ಲಿ ಆ ಅಳತೆ ದಾಟದ ಪಟ್ಟಿಗಳನ್ನೆಲ್ಲ ತಗ್ಗಿಸುತ್ತದೆ. ತಂಬೂರಿ ಬಿಡದೆ ನುಡಿಯುತ್ತದೆ, ಹಾಗಾಗಿ ಅದೂ ಗದ್ದಲದ ಲೆಕ್ಕಕ್ಕೇ ಸೇರಿತು. ನಿಮ್ಮಪ್ಪ ಹಿಡಿಯುವ ಷಡ್ಜವೂ ಅದೇ ಪಟ್ಟಿಗಳಲ್ಲಿದೆ. ದನಿ ಸಣ್ಣದಾದಾಗ ಆ ಪಟ್ಟಿಗಳು ಮುಚ್ಚುತ್ತವೆ, ಏರಿದಾಗ ತೆರೆಯುತ್ತವೆ. ನೀರಿನ ಗುಳುಗುಳು ಹುಟ್ಟುವುದು ಹೀಗೆ.

ತಂಬೂರಿಯೂ ಇಲ್ಲದ ಜಾಗ ಹುಡುಕಿ. ರೆಕಾರ್ಡಿಂಗ್ ಒತ್ತಿ ಶ್ರುತಿ ಹಿಡಿಯುವ ಮೊದಲು ಒಂದೆರಡು ಸೆಕೆಂಡ್ ಖಾಲಿ ಇದ್ದರೂ ಸಾಕು. ಅದನ್ನೇ ತೋರಿಸಿ. ರಿಡಕ್ಷನ್ 6 ಡೆಸಿಬೆಲ್‌ನಿಂದ ಶುರು ಮಾಡಿ, 8 ದಾಟಬೇಡಿ. ಸ್ವಲ್ಪ ‘ಸ್ಸ್’ ಉಳಿಯಲಿ. ದನಿಯ ಉಸಿರು ಅದರ ಜೊತೆಗೇ ಇರುತ್ತದೆ, ಪೂರ್ತಿ ಒರೆಸಿದರೆ ಹಾಡು ಸತ್ತಂತೆ ಕೇಳುತ್ತದೆ.

ಇನ್ನೊಬ್ಬರು (ಧಾರವಾಡ): ನಮ್ಮ ಕ್ಯಾಸೆಟ್ ಡೆಕ್‌ನಲ್ಲಿ ‘ಸ್ಸ್’ ತಗ್ಗಿಸುವ ಡಾಲ್ಬಿ ಬಟನ್ ಇದೆ. ಅದನ್ನು ಒತ್ತಿದರೆ ಆಗಲ್ವಾ?

ಉತ್ತರ: ರೆಕಾರ್ಡ್ ಮಾಡುವಾಗಲೂ ಡಾಲ್ಬಿ ಹಾಕಿದ್ದರೆ ಮಾತ್ರ ಒತ್ತಿ. 1968ರಲ್ಲಿ ಬಂದ ಡಾಲ್ಬಿ ಬಿ ಎರಡು ಹೆಜ್ಜೆಯ ಕೆಲಸ. ರೆಕಾರ್ಡ್ ಆಗುವಾಗ ಮೆಲ್ಲನೆಯ ತಾರ ಸದ್ದುಗಳನ್ನು ಸುಮಾರು 10 ಡೆಸಿಬೆಲ್‌ವರೆಗೆ ಎತ್ತುತ್ತದೆ. ನುಡಿಸುವಾಗ ಅಷ್ಟನ್ನೇ ಇಳಿಸುತ್ತದೆ, ಜೊತೆಗೆ ಟೇಪಿನ ‘ಸ್ಸ್’ ಕೂಡ ಇಳಿಯುತ್ತದೆ. ಮೊದಲ ಹೆಜ್ಜೆ ಇಲ್ಲದ ಕ್ಯಾಸೆಟ್ಟಿಗೆ ಒತ್ತಿದರೆ ಹಾಡು ಸುಮ್ನೆ ಮಂಕಾಗುತ್ತದೆ.

ಪ್ರಶ್ನೆ: ನಮ್ಮದು ಸಾದಾ ಟೇಪ್ ರೆಕಾರ್ಡರ್‌ನದು ಸರ್.

ಉತ್ತರ: ಹಾಗಾದರೆ ಡಾಲ್ಬಿ ಬೇಡ. ಪ್ಲೇಯರಿನ ಹೆಡ್ (ಟೇಪ್ ತಾಗುವ ಭಾಗ) ಒರೆಸಿ, ಕಂಪ್ಯೂಟರಿಗೆ ಮತ್ತೆ ರೆಕಾರ್ಡ್ ಮಾಡಿಕೊಳ್ಳಿ. ಆ ವೇವ್ ಫೈಲನ್ನು ಮುಟ್ಟದೆ ಒಂದು ಕಡೆ ತೆಗೆದಿಡಿ, ಕಾಪಿಯ ಮೇಲೆ ಮಾತ್ರ ಕೆಲಸ ಮಾಡಿ.